ಬೇಸಿಗೆಗೊಮ್ಮೆ, ಮಳೆಗೊಮ್ಮೆ ನಿಂತುಹೋಗುವ ಓಟ: ಕಲಬುರಗಿಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನನಗೆ 37 ವರ್ಷ. ಕಲಬುರಗಿಯಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ತೂಕ ಇಳಿಸಿಕೊಳ್ಳಿ ಎಂದು ವೈದ್ಯರು ಹೇಳಿದ ಮೇಲೆ ಈ ವರ್ಷ ಜನವರಿಯಲ್ಲಿ ಓಟ ಶುರು ಮಾಡಿದೆ. ಬೆಳಿಗ್ಗೆ ಆರೂವರೆಗೆ ಅಪ್ಪನ ಕೆರೆಯ ಕಡೆ ಹೋಗುತ್ತಿದ್ದೆ. ಮಾರ್ಚ್ ಮುಗಿಯುವ ಹೊತ್ತಿಗೆ ಅರ್ಧ ತಾಸು ನಿಲ್ಲದೆ ಓಡುವಷ್ಟು ದಮ್ಮು ಬಂದಿತ್ತು. ಏಪ್ರಿಲ್‌ನಲ್ಲಿ ಬಿಸಿಲಿಗೆ ಹೆದರಿ ಬಿಟ್ಟೆ. ಮಿರಗ ಮಳೆ ಬಿದ್ದ ಮೇಲೆ ಮತ್ತೆ ಹಿಡಿದೆ, ಸೆಪ್ಟೆಂಬರಿನ ಮಳೆ ಮತ್ತು ರಾಡಿಗೆ ಬೇಸತ್ತು ಮತ್ತೆ ಬಿಟ್ಟೆ. 'ಇಂಥಾ ಹವಾದಾಗ ಯಾಕ ಓಡ್ಲಿಕತ್ತಿ ಯವ್ವಾ, ಮನ್ಯಾಗ ಕೆಲಸ ಕಡಿಮಿ ಅದಾವೇನು' ಎಂದು ನಮ್ಮ ಅತ್ತೆ ಕೇಳುತ್ತಾರೆ. ಪ್ರತಿ ಸಲ ಮೊದಲಿನಿಂದ ಶುರು ಮಾಡುವುದೇ ಆಗಿದೆ. ನನಗೆ ಮನೋಬಲ ಕಡಿಮೆಯೇ? ಕೆಟ್ಟ ಹವೆಯಲ್ಲಿ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ? ಟ್ರೆಡ್‌ಮಿಲ್ ಕೊಂಡುಬಿಡಲೇ?

ಉತ್ತರ: ನೀವು ಹೆಚ್ಚು ಯೋಚಿಸದೆ ಬರೆದಿರುವ ಒಂದು ವಿವರದಿಂದ ಆರಂಭಿಸುತ್ತೇನೆ. ನೀವು ಮನೆ ಬಿಡುತ್ತಿದ್ದುದು ಬೆಳಿಗ್ಗೆ ಆರೂವರೆಗೆ. ನಮ್ಮ ಕಲಬುರಗಿ ವಿಭಾಗದಲ್ಲಿ ಬಿಸಿಲಿನ ಕಾರಣಕ್ಕೆ ಸರ್ಕಾರವು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಚೇರಿಯ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ರೂಢಿಯಿದೆ. ಆರೂವರೆಗೆ ಹೊರಟು, ಏಳೂಕಾಲಿಗೆ ಮರಳಿ, ಬೆವರು ಆರಿದ ಮೇಲೆ ಸ್ನಾನ ಮಾಡಿ, ಡಬ್ಬಿ ಕಟ್ಟಿಕೊಂಡು ಎಂಟಕ್ಕೆ ಕುರ್ಚಿಯಲ್ಲಿ ಕೂಡುವುದು ಎಂಥ ಮನೋಬಲದವರಿಗೂ ಆಗದ ಕೆಲಸ. ಬಿಸಿಲು ನಿಮ್ಮನ್ನು ಹೆದರಿಸಿದ್ದು ನಿಜವಿರಬಹುದು, ಆದರೆ ಓಟದ ವೇಳೆಯನ್ನು ಅದಕ್ಕೂ ಮೊದಲೇ ಕಚೇರಿ ತೆಗೆದುಕೊಂಡುಬಿಟ್ಟಿತ್ತು. ಮನೆಯಲ್ಲಿ ಅಡುಗೆ ಮತ್ತು ಮಕ್ಕಳ ತಯಾರಿಯೂ ನಿಮ್ಮ ಮೇಲೆಯೇ ಇದ್ದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಸೆಪ್ಟೆಂಬರಿನಲ್ಲಿ ನಡೆದದ್ದು ಬೇರೆ. ಆಗ ವೇಳೆ ನಿಮ್ಮದೇ ಇತ್ತು, ಸೆಕೆಯೂ ಇರಲಿಲ್ಲ. ಹುಬ್ಬಾ, ಉತ್ತರಾ ಮಳೆಗಳು ಹಿಡಿದಿದ್ದ ಆ ದಿನಗಳಲ್ಲಿ ಪ್ರತಿ ನಸುಕಿಗೂ ಕಿಟಕಿ ತೆರೆದು, ಮೋಡ ನೋಡಿ, ಹೋಗಲೋ ಬೇಡವೋ ಎಂದು ನೀವು ಹೊಸದಾಗಿ ತೀರ್ಮಾನಿಸಬೇಕಾಗುತ್ತಿತ್ತು. ಅರೆನಿದ್ದೆಯಲ್ಲಿರುವವರನ್ನು ಈ ಪ್ರಶ್ನೆ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ. ಆದ್ದರಿಂದ ಬೆಳಗಿನ ಜಾವದಲ್ಲಿ ಉತ್ಸಾಹವನ್ನು ಹುಡುಕುವ ಕೆಲಸವನ್ನೇ ಬಿಟ್ಟುಬಿಡಿ ಎಂಬುದು ನನ್ನ ಮುಖ್ಯ ಸಲಹೆ. ಎಂಥ ಹವೆಯಲ್ಲಿ ಓಡುವುದಿಲ್ಲ, ಎಂಥ ಹವೆಯಲ್ಲಿ ಓಟದ ರೀತಿಯನ್ನು ಬದಲಿಸಿಕೊಳ್ಳುತ್ತೇನೆ ಎಂಬುದನ್ನು ಹಿಂದಿನ ರಾತ್ರಿಯೇ ತೀರ್ಮಾನಿಸಿ ಮಲಗಬೇಕು. ಹಾಗೆ ತೀರ್ಮಾನಿಸಬೇಕಾದರೆ ದೇಹಕ್ಕೆ ಅಪಾಯ ತರುವ ಹವೆ ಯಾವುದು, ಬರೀ ಬೇಸರ ತರುವ ಹವೆ ಯಾವುದು ಎಂಬುದು ಸ್ಪಷ್ಟವಿರಬೇಕು. ಹೊಸಬರು ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದನ್ನು ನಾನು ಮೇಲಿಂದ ಮೇಲೆ ಕಂಡಿದ್ದೇನೆ. ಜಿಟಿಜಿಟಿ ಮಳೆಗೆ ಮನೆಯಲ್ಲೇ ಉಳಿದವರು ಏಪ್ರಿಲ್ ತಿಂಗಳ ಸಂಜೆ ಐದಕ್ಕೆ, ಇವತ್ತು ತಪ್ಪಿಸಬಾರದು ಎಂದು ಹಟ ಹಿಡಿದು ಹೊರಡುತ್ತಾರೆ.

ಬಿಸಿಲಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ನಿಜವಾಗಿ ಕೆಟ್ಟ ಹವೆ ಎಂದರೆ ಅದೇ. ಓಡುವಾಗ ಸ್ನಾಯುಗಳು ಶಾಖವನ್ನು ಹುಟ್ಟಿಸುತ್ತವೆ. ಆ ಶಾಖವನ್ನು ಹೊರಹಾಕಲು ಹೃದಯವು ರಕ್ತವನ್ನು ಚರ್ಮದ ಕಡೆಗೆ ಕಳುಹಿಸುತ್ತದೆ, ಬೆವರು ಆರುವಾಗ ಚರ್ಮ ತಂಪಾಗುತ್ತದೆ. ಸೆಕೆಯ ದಿನ ಚರ್ಮಕ್ಕೂ ಕಾಲಿನ ಸ್ನಾಯುಗಳಿಗೂ ಒಟ್ಟಿಗೆ ರಕ್ತ ಒದಗಿಸಬೇಕಾದ್ದರಿಂದ, ಜನವರಿಯಲ್ಲಿ ಹಗುರವಾಗಿದ್ದ ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯುತ್ತದೆ, ಉಸಿರು ಬೇಗ ಏರುತ್ತದೆ, ಹತ್ತೇ ನಿಮಿಷದಲ್ಲಿ ಸಾಕೆನಿಸುತ್ತದೆ. ಹೊಸಬರು ಇದನ್ನು 'ನನಗೆ ಮನಸ್ಸಿಲ್ಲ' ಎಂದು ಓದಿಕೊಳ್ಳುತ್ತಾರೆ. ಮಾತನಾಡಲೂ ಆಗದಷ್ಟು ಏದುಸಿರು ಬರುವಂತೆ ಓಡಿದಾಗ ಯಾರಿಗೇ ಆದರೂ ಆ ಅನುಭವ ಅಹಿತವಾಗಿಯೇ ಇರುತ್ತದೆ, ಅಹಿತವಾದದ್ದನ್ನು ಮರುದಿನ ಮನಸ್ಸು ತಾನಾಗಿ ಬಯಸುವುದಿಲ್ಲ. ಹೀಗಾಗಿ ಉತ್ಸಾಹದ ಮೊದಲ ಮದ್ದು ವೇಗವನ್ನು ಇಳಿಸುವುದು. ಮಾರ್ಚ್‌ನಿಂದ ಜೂನ್‌ವರೆಗೆ ಕಿಲೋಮೀಟರ್ ಮತ್ತು ವೇಗದ ಲೆಕ್ಕವನ್ನು ಪೂರ್ತಿ ಬಿಟ್ಟು, ನಿಮಿಷ ಮತ್ತು ಉಸಿರನ್ನು ಮಾತ್ರ ಅಳತೆಯಾಗಿ ಇಟ್ಟುಕೊಳ್ಳಿ. ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಆಗದಿದ್ದರೆ ನಡೆಯಿರಿ. ಎರಡು ನಿಮಿಷ ಓಡಿ ಒಂದು ನಿಮಿಷ ನಡೆಯುವುದನ್ನು ಓಟವೆಂದೇ ಲೆಕ್ಕ ಹಿಡಿಯಬೇಕು. ಕೈಯ ಗಡಿಯಾರ ಅದನ್ನು ಏನೆಂದು ತೋರಿಸುತ್ತದೆ ಎಂಬುದು ಮುಖ್ಯವಲ್ಲ.

ದಿನದ ಅತಿ ಕಡಿಮೆ ತಾಪಮಾನ ಸಾಮಾನ್ಯವಾಗಿ ಸೂರ್ಯೋದಯದ ಆಸುಪಾಸಿನಲ್ಲಿರುತ್ತದೆ. ಮೇ ತಿಂಗಳಲ್ಲಿ ಕಲಬುರಗಿಗೆ ಸುಮಾರು ಐದೂ ಮುಕ್ಕಾಲಕ್ಕೆ ಬೆಳಗಾಗುತ್ತದೆ. ಜನವರಿಯಲ್ಲಾದರೋ ಸೂರ್ಯ ಮೂಡುವುದು ಆರೂ ಮುಕ್ಕಾಲು ದಾಟಿದ ಮೇಲೆ. ಅಂದರೆ ಚಳಿಗಾಲದಲ್ಲಿ ಆರೂವರೆಗೆ ನಿಮಗೆ ಸಿಗುತ್ತಿದ್ದ ದಿನದ ಅತಿ ತಂಪಿನ ಹೊತ್ತು ಬೇಸಿಗೆಯಲ್ಲಿ ಐದೂಕಾಲಿಗೆ ಸಿಗುತ್ತದೆ. ಐದೂಕಾಲಿಗೆ ಹೊರಟರೆ ಆರಕ್ಕೆ ಓಟ ಮುಗಿದು, ಎಂಟರ ಕಚೇರಿಗೂ ವೇಳೆ ಉಳಿಯುತ್ತದೆ. ಆದರೆ ಏಪ್ರಿಲ್ ಒಂದನೇ ತಾರೀಖು ಒಮ್ಮೆಗೇ ಒಂದೂಕಾಲು ತಾಸು ಮೊದಲು ಏಳುವುದು ಯಾರಿಂದಲೂ ಆಗದು. ಫೆಬ್ರವರಿಯ ನಡುವಿನಿಂದಲೇ ವಾರಕ್ಕೆ ಹತ್ತು ಹತ್ತು ನಿಮಿಷ ವೇಳೆಯನ್ನು ಹಿಂದಕ್ಕೆ ಸರಿಸುತ್ತ ಬನ್ನಿ, ರಾತ್ರಿಯ ಊಟ ಮತ್ತು ಮಲಗುವ ಹೊತ್ತೂ ಜೊತೆಯಲ್ಲಿ ಸರಿಯಲಿ. ಒಕ್ಕಲಿಗರು ಮಳೆ ಬಂದ ಮೇಲೆ ಕೂರಿಗೆ ಹುಡುಕುವುದಿಲ್ಲ, ಭೂಮಿ ಹದಕ್ಕೆ ಬರುವ ಮೊದಲೇ ಎಲ್ಲವನ್ನೂ ಸಿದ್ಧ ಮಾಡಿಕೊಂಡಿರುತ್ತಾರೆ. ಓಟದ ವೇಳೆಯನ್ನೂ ಹಾಗೆ ಹವೆಗಿಂತ ಮುಂಚೆ ಬದಲಿಸಬೇಕು.

ಬೆಳಿಗ್ಗೆ ಆಗದಿದ್ದರೆ ಸಂಜೆ ಓಡಬಹುದೇ ಎಂದು ನೀವು ಕೇಳಬಹುದು. ನಮ್ಮ ಊರಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಐದು, ಆರು ಗಂಟೆಗೆ ಓಡಬೇಡಿ ಎಂದೇ ಹೇಳುತ್ತೇನೆ. ಡಾಂಬರು ರಸ್ತೆಯೂ ಕಲ್ಲಿನ ಗೋಡೆಗಳೂ ಹಗಲೆಲ್ಲ ಹೀರಿದ ಶಾಖವನ್ನು ಕತ್ತಲಾದ ಮೇಲೂ ಬಹಳ ಹೊತ್ತು ಹೊರಬಿಡುತ್ತಿರುತ್ತವೆ. ಮಾಳಿಗೆಯ ಮೇಲೆ ಮಲಗುವವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಇನ್ನೊಂದು ಎಚ್ಚರಿಕೆಯ ಮಾತೂ ಇದೆ. ಬಯಲು ಪ್ರದೇಶದಲ್ಲಿ ಹವಾಮಾನ ಇಲಾಖೆ ಬಿಸಿಗಾಳಿ ಎಂದು ಘೋಷಿಸಬೇಕಾದರೆ ಉಷ್ಣಾಂಶ ಕನಿಷ್ಠ 40 ಡಿಗ್ರಿ ಇದ್ದು ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾಗಿರಬೇಕು, ಇಲ್ಲವೇ 45 ಡಿಗ್ರಿ ಮುಟ್ಟಬೇಕು. ವಾಡಿಕೆಯೇ 40ರ ಹತ್ತಿರವಿರುವ ನಮ್ಮಲ್ಲಿ 42 ಡಿಗ್ರಿ ಇದ್ದರೂ ಆ ಘೋಷಣೆ ಬರದಿರಬಹುದು. ಘೋಷಣೆ ಇಲ್ಲ ಎಂಬುದನ್ನು ಓಡಲು ಅಪ್ಪಣೆ ಎಂದು ತಿಳಿಯಬಾರದು.

ದೇಹ ಸೆಕೆಗೆ ಒಗ್ಗಿಕೊಳ್ಳುತ್ತದೆ ಎಂಬುದು ಸಮಾಧಾನದ ಸಂಗತಿ. ದಿನಾ ಸ್ವಲ್ಪ ಸ್ವಲ್ಪ ಸೆಕೆಯಲ್ಲಿ ಶ್ರಮಿಸಿದರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಹೊರಡುತ್ತದೆ, ಅದೇ ವೇಗಕ್ಕೆ ಹೃದಯದ ಬಡಿತ ಕಡಿಮೆಯಾಗುತ್ತದೆ. ಆದ್ದರಿಂದ ಬೇಸಿಗೆಯ ಮೊದಲ ಎರಡು ವಾರ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ಅದರಲ್ಲೂ ಅರ್ಧ ನಡಿಗೆಯೇ ಇರಲಿ. ಆ ಎರಡು ವಾರದ ಕಷ್ಟವನ್ನು ನೋಡಿ ಇಡೀ ಬೇಸಿಗೆ ಹೀಗೇ ಇರುತ್ತದೆ ಎಂದು ತೀರ್ಮಾನಿಸಿಬಿಡುವುದರಿಂದಲೇ ಬಹಳ ಮಂದಿ ಏಪ್ರಿಲ್‌ನಲ್ಲಿ ಕೈಬಿಡುತ್ತಾರೆ.

ನೀರಿನ ವಿಷಯದಲ್ಲಿ ಅತಿರೇಕ ಎರಡೂ ಕಡೆ ಇದೆ. ಒಣ ಸೆಕೆಯಲ್ಲಿ ಬೆವರು ಬಂದಷ್ಟೇ ಬೇಗ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆವು ಎಂಬುದು ತಿಳಿಯುವುದಿಲ್ಲ. ಒಮ್ಮೆ ಓಟಕ್ಕೆ ಮೊದಲೂ ನಂತರವೂ ತೂಕ ನೋಡಿಕೊಳ್ಳಿ. ನಡುವೆ ಏನೂ ಕುಡಿಯದಿದ್ದರೆ ಅರ್ಧ ಕಿಲೋ ಕಡಿಮೆಯಾದದ್ದು ಸರಿಸುಮಾರು ಅರ್ಧ ಲೀಟರ್ ನೀರು ಹೋದದ್ದಕ್ಕೆ ಸಮ. ಎದ್ದ ಕೂಡಲೇ ಒಂದು ಲೋಟ ನೀರು, ಮರಳಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಜೋಳದ ಅಂಬಲಿ, ಅರ್ಧ ತಾಸಿನ ಓಟಕ್ಕೆ ಇಷ್ಟು ಸಾಕು. ಹಾಗೆಂದು ಬಾಯಾರಿಕೆ ಇಲ್ಲದಿದ್ದರೂ ಲೀಟರುಗಟ್ಟಲೆ ಬರೀ ನೀರು ಕುಡಿಯುವುದು ರಕ್ತದಲ್ಲಿನ ಸೋಡಿಯಂ ಇಳಿಯಲು ಕಾರಣವಾಗಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆಗೆ ಮಾತ್ರೆ ತೆಗೆದುಕೊಳ್ಳುವವರು ಬೇಸಿಗೆಯ ಓಟದ ಬಗ್ಗೆ ತಮ್ಮ ವೈದ್ಯರನ್ನು ಮೊದಲು ಕೇಳಬೇಕು. ಮೂತ್ರ ಹೆಚ್ಚಿಸುವ ಮಾತ್ರೆಗಳಂಥವು ಸೆಕೆಯನ್ನು ತಾಳುವ ಶಕ್ತಿಯನ್ನು ಕುಗ್ಗಿಸುತ್ತವೆ.

ತಲೆನೋವು, ಓಕರಿಕೆ, ತಲೆಸುತ್ತು, ಸೆಕೆಯಲ್ಲೂ ಮೈ ಜುಂ ಎಂದು ಚಳಿ ಹತ್ತಿದಂತಾಗುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನದ ಓಟ ಅಲ್ಲಿಗೆ ಮುಗಿಯಿತೆಂದು ತಿಳಿದು ನೆರಳಿಗೆ ಬನ್ನಿ. ಮಾತು ತೊದಲುವುದು, ಗಲಿಬಿಲಿ, ತೂರಾಡುವುದು ಶಾಖಾಘಾತದ ಲಕ್ಷಣಗಳು. ಆಗ ದೇಹದ ಒಳಗಿನ ಉಷ್ಣಾಂಶ ಸಾಮಾನ್ಯವಾಗಿ 40 ಡಿಗ್ರಿ ದಾಟಿರುತ್ತದೆ. ಅಂಥವರನ್ನು ಕಂಡರೆ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಕಾಯದೆ ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು; ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. 2019ರಲ್ಲಿ ದೋಹಾದಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಮ್ಯಾರಥಾನನ್ನು ಸೆಕೆಯ ಕಾರಣಕ್ಕೆ ನಡುರಾತ್ರಿಗೆ ಇಟ್ಟಿದ್ದರು. ಆದರೂ ಉಷ್ಣಾಂಶ 30 ಡಿಗ್ರಿಗಿಂತ ಮೇಲಿತ್ತು, ಗಾಳಿಯಲ್ಲಿ ತೇವ ಬಹಳವಿತ್ತು, ಹೊರಟ 68 ಮಂದಿಯಲ್ಲಿ 28 ಮಂದಿ ಓಟ ಮುಗಿಸಲಿಲ್ಲ. ಅವರೆಲ್ಲ ತಮ್ಮ ತಮ್ಮ ದೇಶಗಳ ಅತ್ಯುತ್ತಮ ಓಟಗಾರ್ತಿಯರು. ಆ 28 ಮಂದಿಗೆ ಮನೋಬಲವಿರಲಿಲ್ಲ ಎಂದು ಹೇಳಲು ನನಗಂತೂ ಬಾಯಿ ಬಾರದು.

ಇನ್ನು ಮಳೆ. ಗುಡುಗು ಸಿಡಿಲಿಲ್ಲದ ಮಳೆಯನ್ನು ನಾನು ಬೇಸರದ ಹವೆಯ ಪಟ್ಟಿಗೆ ಸೇರಿಸುತ್ತೇನೆ. ನಿಜ ಹೇಳಬೇಕೆಂದರೆ ಕಲಬುರಗಿ, ಯಾದಗಿರಿಯ ಓಟಗಾರರಿಗೆ ಜುಲೈ ತಿಂಗಳ ಮೋಡದ ಮುಂಜಾವಿನಷ್ಟು ಒಳ್ಳೆಯ ಹವೆ ಚಳಿಗಾಲ ಬಿಟ್ಟರೆ ಬೇರೆ ಸಿಗುವುದಿಲ್ಲ. ಬೆಂಗಳೂರಿನವರು ವರ್ಷವಿಡೀ ಪಡೆಯುವ ತಂಪು ನಮಗೆ ಮಳೆಯ ಬೆನ್ನಿಗೆ ಬರುತ್ತದೆ. ನೆನೆದರೆ ಶೀತ ಹಿಡಿಯುತ್ತದೆ ಎಂಬ ಭಯವನ್ನು ಮನೆಯ ಹಿರಿಯರು ಹೇಳಿದರೆ ವಾದಿಸಬೇಡಿ. ಶೀತಕ್ಕೆ ಕಾರಣ ವೈರಸ್ಸುಗಳು, ಮಳೆಯ ನೀರಲ್ಲ. ಆದರೂ ಒದ್ದೆ ಬಟ್ಟೆಯಲ್ಲಿ ನಿಂತು ಹರಟೆ ಹೊಡೆಯದೆ ನೇರವಾಗಿ ಮನೆಗೆ ಬಂದು ಒಣಬಟ್ಟೆ ಹಾಕಿಕೊಂಡರೆ ಅವರಿಗೂ ಸಮಾಧಾನ, ನಿಮಗೂ ಹಿತ.

ಮಳೆಗಾಲದಲ್ಲಿ ನಮ್ಮ ನಿಜವಾದ ತೊಡಕು ನೆಲದ್ದು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಶೂಗಳ ಅಡಿಗೆ ಮೆತ್ತಿಕೊಂಡು ಹೆಜ್ಜೆಗೊಂದಿಷ್ಟು ಭಾರ ಕೂಡಿಸುತ್ತದೆ, ಪಾದ ಸರಕ್ಕನೆ ಹೊರಳುತ್ತದೆ. ಅಲ್ಲಿ ಓಡುವುದು ಶ್ರಮವೂ ಹೌದು, ಕಣಕಾಲಿಗೆ ಅಪಾಯವೂ ಹೌದು. ಅದಕ್ಕಿಂತ ಮೋಸಗಾರ ನೆಲವೆಂದರೆ ಶಹಾಬಾದ್ ಫರಸಿ. ಒಣಗಿದ್ದಾಗ ಸಮತಟ್ಟಾಗಿ ಆಕರ್ಷಕವಾಗಿ ಕಾಣುವ ಈ ಕಲ್ಲು ನಯಗೊಂಡು ನೆನೆದಾಗ ಜಾರುತ್ತದೆ. ಫರಸಿ ಹಾಸಿದ ಪಾದಚಾರಿ ಮಾರ್ಗ, ಮೆಟ್ಟಿಲು ಮತ್ತು ಗುಡಿಯ ಅಂಗಳ ಬಂದಾಗ ನಡೆದೇ ದಾಟಿ. ಮಳೆಯ ದಿನಗಳಿಗೆಂದು ಬೇರೆ ದಾರಿಯನ್ನೇ ಗೊತ್ತು ಮಾಡಿಕೊಳ್ಳುವುದು ಉತ್ತಮ. ದೀಪವಿರುವ, ಡಾಂಬರು ಹಾಕಿದ, ವಾಹನ ಕಡಿಮೆ ಓಡುವ ಒಂದು ಕಿಲೋಮೀಟರಿನ ಸುತ್ತು ಸಿಕ್ಕರೂ ಸಾಕು, ಅದನ್ನೇ ನಾಲ್ಕು ಸಲ ಹಾಕಬಹುದು. ವಿಶ್ವವಿದ್ಯಾಲಯದ ಕಡೆ ಅಥವಾ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಸುತ್ತ ಇಂಥ ದಾರಿಯನ್ನು ಹುಡುಕಿ ನೋಡಿ. ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಿ, ತಿಳಿಬಣ್ಣದ ಅಂಗಿ ಇರಲಿ, ತಳ ಕಾಣದ ನೀರಿನಲ್ಲಿ ಎಂದೂ ಕಾಲಿಡಬೇಡಿ; ಅದರಡಿ ತೆರೆದ ಗಟಾರವಿರಬಹುದು. ವಿದ್ಯುತ್ ಕಂಬ ಮತ್ತು ಜೋತುಬಿದ್ದ ತಂತಿಗಳಿಂದ ದೂರವಿರಿ.

ಬಟ್ಟೆ ಮತ್ತು ಶೂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿ ಓಡಿದರೆ ಒಳಗಿನ ಬೆವರಿನಿಂದಲೇ ನೆನೆಯುತ್ತೀರಿ. ಮುಂಚಾಚಿರುವ ಟೋಪಿಯೊಂದಿದ್ದರೆ ಕಣ್ಣಿಗೆ ಹನಿ ಹೊಡೆಯುವುದಿಲ್ಲ. ಹತ್ತಿಯ ಕಾಲುಚೀಲ ನೆನೆದು ಬೊಕ್ಕೆ ಬರಿಸುತ್ತದೆ, ಕ್ರೀಡೆಗೆಂದೇ ಮಾರುವ ಸಿಂಥೆಟಿಕ್ ಕಾಲುಚೀಲ ಮೇಲು. ಬೆರಳ ಸಂದಿಗೆ ಸ್ವಲ್ಪ ವ್ಯಾಸಲಿನ್ ಸವರಿಕೊಳ್ಳಿ. ಒದ್ದೆಯಾದ ಶೂಗಳ ಒಳಹಾಸನ್ನು ತೆಗೆದು, ಒಳಗೆ ಹಳೆಯ ಪತ್ರಿಕೆ ತುರುಕಿ, ಫ್ಯಾನಿನ ಕೆಳಗೆ ಇಡಿ. ಮರುದಿನ ಒದ್ದೆ ಶೂ ಹಾಕಿಕೊಳ್ಳಬೇಕಲ್ಲ ಎಂಬ ಅಸಹ್ಯವೊಂದೇ ಎಷ್ಟೋ ಜನರ ಓಟವನ್ನು ನಿಲ್ಲಿಸುತ್ತದೆ. ಹಳೆಯದಾದರೂ ಸರಿ, ಎರಡನೆಯ ಜೊತೆ ಶೂ ಇಟ್ಟುಕೊಳ್ಳುವುದು ಮಳೆಗಾಲದ ಅತ್ಯುತ್ತಮ ಖರ್ಚು ಎಂಬುದು ನನ್ನ ಅಭಿಪ್ರಾಯ.

ಸಿಡಿಲು ಮಾತ್ರ ಅಪಾಯದ ಹವೆ. ಅದರಲ್ಲಿ ಚೌಕಾಸಿ ಇಲ್ಲ. ನಮ್ಮಲ್ಲಿ ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ತಿಂಗಳ ಅಡ್ಡಮಳೆಗಳೂ ಹಿಂಗಾರಿನ ಆರಂಭದ ಮಳೆಗಳೂ ಸಿಡಿಲನ್ನು ಹೊತ್ತು ತರುತ್ತವೆ, ಬಹುಪಾಲು ಮಧ್ಯಾಹ್ನದ ನಂತರ. ಬೆಳಿಗ್ಗೆ ಓಡಲು ಇದೂ ಒಂದು ಕಾರಣ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗೇ ಇದೆ ಎಂದು ತಿಳಿದು ಕಟ್ಟಡದ ಅಥವಾ ಮುಚ್ಚಿದ ಕಾರಿನ ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿದ ಮೇಲೆ ಮೂವತ್ತು ನಿಮಿಷ ಹೊರಗೆ ಬರಬಾರದು. ಒಂಟಿ ಬೇವಿನ ಮರದಡಿ ನಿಲ್ಲುವುದಕ್ಕಿಂತ ನೆನೆಯುವುದು ಮೇಲು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ 'ದಾಮಿನಿ' ಆ್ಯಪ್ ಸಮೀಪದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ, ಅದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಬಂಗಾಳಕೊಲ್ಲಿಯ ವಾಯುಭಾರ ಕುಸಿತ ನಮ್ಮ ಮೇಲೆ ಹಾದುಹೋಗುವಾಗ ಸುರಿಯುವ ಮಳೆಯೂ ಇದೇ ಗುಂಪಿನದು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದ್ದು ಅಂಥ ಮಳೆಯಿಂದಲೇ. ಜಿಲ್ಲೆಗೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇದ್ದ ದಿನ ಓಟದ ಮಾತೇ ಬೇಡ.

ಗಾಳಿ ಮತ್ತು ಚಳಿ ನಿಮಗೆ ಅಷ್ಟು ಕಾಡುವುದಿಲ್ಲ. ಮಳೆಗಾಲದ ಗಾಳಿ ಪಡುವಣದಿಂದ ಬೀಸುವುದರಿಂದ ಹೋಗುವಾಗ ಗಾಳಿಗೆ ಎದುರಾಗಿ ಪಶ್ಚಿಮಕ್ಕೆ ಓಡಿ, ದಣಿದ ಮೇಲೆ ಬೆನ್ನಿಗೆ ಗಾಳಿ ಇರುವಂತೆ ಮರಳಬಹುದು. ಬೀದರಿನ ಓದುಗರ ಲೆಕ್ಕ ಸ್ವಲ್ಪ ಬೇರೆ. ಅವರ ಊರು ನಮಗಿಂತ ಎತ್ತರದಲ್ಲಿದೆ, ಅಲ್ಲಿನ ಕೆಂಪು ಜಂಬಿಟ್ಟಿಗೆ ನೆಲ ನೀರನ್ನು ಬೇಗ ಇಂಗಿಸಿಕೊಳ್ಳುವುದರಿಂದ ಮಳೆ ನಿಂತ ಸ್ವಲ್ಪ ಹೊತ್ತಿಗೆ ಮಣ್ಣಿನ ದಾರಿಯಲ್ಲೂ ಓಡಬಹುದು. ಆದರೆ ಡಿಸೆಂಬರ್, ಜನವರಿಯಲ್ಲಿ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು. ಅಂಥ ಥಂಡಿಯಲ್ಲಿ ಮನೆಯೊಳಗೇ ಐದು ನಿಮಿಷ ಕೈಕಾಲು ಆಡಿಸಿ ಮೈ ಕಾಯಿಸಿಕೊಂಡು ಹೊರಡಬೇಕು. ಹೊರಟಾಗ ಸ್ವಲ್ಪ ಚಳಿ ಎನಿಸುವಷ್ಟೇ ಬಟ್ಟೆ ಸಾಕು. ಉಬ್ಬಸವಿದ್ದವರು ತಮ್ಮ ಇನ್‌ಹೇಲರ್ ಜೊತೆಯಲ್ಲಿಟ್ಟುಕೊಳ್ಳಲಿ.

ಈಗ ಮನಸ್ಸಿನ ಮಾತಿಗೆ ಬರೋಣ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿ ಹೊಸ ಅಭ್ಯಾಸವೊಂದನ್ನು ರೂಢಿಸಿಕೊಳ್ಳುವುದನ್ನು ಗಮನಿಸಿದ್ದರು. ಅಭ್ಯಾಸವು ತಾನೇತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನಗಳು ಬೇಕಾದವು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ ಎಂಬುದು ಅದರ ಇನ್ನೊಂದು ಫಲಿತಾಂಶ, ನಿಮಗೆ ಹೆಚ್ಚು ಉಪಯೋಗದ್ದು ಅದೇ. ಜನವರಿಯ ಮೊದಲ ವಾರ ಶುರು ಮಾಡಿದವರಿಗೆ 66ನೇ ದಿನ ಬರುವುದು ಮಾರ್ಚ್ ನಡುವಿನಲ್ಲಿ, ಅಂದರೆ ಅಭ್ಯಾಸ ಇನ್ನೂ ಹಸಿಯಾಗಿರುವಾಗಲೇ ಕಲಬುರಗಿಯ ಬೇಸಿಗೆ ಬಾಗಿಲಿಗೆ ಬಂದಿರುತ್ತದೆ. ಹೊಸ ವರ್ಷದ ಸಂಕಲ್ಪ ನಮ್ಮ ಊರಿನ ಹವೆಗೆ ಹೊಂದುವಂಥದ್ದಲ್ಲ. ಹಸ್ತಾ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನಲ್ಲಿ ಆರಂಭಿಸಿದರೆ ಐದು ತಿಂಗಳ ತಂಪು ಕೈಯಲ್ಲಿರುತ್ತದೆ. ನೀವು ಈಗ ಬರೆದದ್ದು ಆ ದೃಷ್ಟಿಯಿಂದ ಒಳ್ಳೆಯ ಹೊತ್ತಿಗೆ ಬಂದಿದೆ.

ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೊಲ್ವಿಟ್ಸರ್ 1990ರ ದಶಕದಲ್ಲಿ ತೋರಿಸಿದ ಇನ್ನೊಂದು ಉಪಾಯವಿದೆ. 'ನಾನು ಓಡಬೇಕು' ಎಂಬ ಬರೀ ಇಚ್ಛೆಗಿಂತ 'ಹೀಗಾದರೆ ಹೀಗೆ ಮಾಡುತ್ತೇನೆ' ಎಂದು ಸಂದರ್ಭ ಮತ್ತು ಕೆಲಸವನ್ನು ಮೊದಲೇ ಗಂಟು ಹಾಕಿಟ್ಟವರು ಅದನ್ನು ಹೆಚ್ಚಾಗಿ ನಡೆಸುತ್ತಾರೆ. ನಿಮ್ಮ ಮಟ್ಟಿಗೆ ಅದು ಹೀಗಿರಬಹುದು: ಐದಕ್ಕೆ ಎದ್ದಾಗ ಮಳೆ ಇಲ್ಲದಿದ್ದರೆ ಕೆರೆಯ ದಾರಿ, ಹನಿಯುತ್ತಿದ್ದರೆ ಡಾಂಬರಿನ ಸುತ್ತು, ಗುಡುಗಿದರೆ ಅಥವಾ ಎಚ್ಚರಿಕೆ ಇದ್ದರೆ ಮನೆಯೊಳಗೆ ಇಪ್ಪತ್ತು ನಿಮಿಷ ಬಸ್ಕಿ, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಮೆಟ್ಟಿಲು ಹತ್ತಿಳಿಯುವುದು. ಇದನ್ನು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ, ಬಟ್ಟೆ, ಶೂ ಮತ್ತು ಬೀಗದ ಕೈಯನ್ನು ರಾತ್ರಿಯೇ ಒಂದೆಡೆ ಇಡಿ. ಹೀಗೆ ಮಾಡಿದಾಗ ಯಾವ ಹವೆಯಲ್ಲೂ ಆ ಅರ್ಧ ತಾಸು ಬೇರೆ ಕೆಲಸಕ್ಕೆ ಹೋಗುವುದಿಲ್ಲ. ವೇಳೆಯೊಂದು ಉಳಿದರೆ ಓಟ ಮರಳಿ ಬರುತ್ತದೆ. ಓಟಕ್ಕಿಂತ ಮೊದಲು ಕಳೆದುಹೋಗುವುದು ವೇಳೆಯೇ.

ಇದರ ಜೊತೆಗೆ ಹತ್ತು ನಿಮಿಷದ ಒಪ್ಪಂದವೊಂದನ್ನು ನಿಮ್ಮೊಂದಿಗೆ ನೀವೇ ಮಾಡಿಕೊಳ್ಳಿ. ಹೊರಗೆ ಹೋಗಿ ಹತ್ತು ನಿಮಿಷ ನಡೆಯುವುದು ಕಡ್ಡಾಯ. ಅಷ್ಟಾದ ಮೇಲೂ ಬೇಡವೆನಿಸಿದರೆ ಮರಳುವ ಹಕ್ಕಿದೆ, ಮರಳಿದರೆ ಅದು ಸೋಲಲ್ಲ. 2018ರ ಏಪ್ರಿಲ್‌ನಲ್ಲಿ ಬೋಸ್ಟನ್ ಮ್ಯಾರಥಾನ್ ಸುರಿಯುವ ಮಳೆ, ಕೊರೆಯುವ ಚಳಿ ಮತ್ತು ಎದುರುಗಾಳಿಯಲ್ಲಿ ನಡೆದು ಅನೇಕ ಹೆಸರಾಂತ ಓಟಗಾರರು ನಡುವೆಯೇ ನಿಂತರು. ಅಮೆರಿಕದ ಡೆಸ್ ಲಿಂಡೆನ್ ಆರಂಭದಲ್ಲೇ ಮೈ ಸರಿಯಿಲ್ಲವೆನಿಸಿ, ತಾನು ಬಹುಶಃ ಓಟ ಬಿಡುತ್ತೇನೆಂದು ಜೊತೆಯ ಓಟಗಾರ್ತಿಗೆ ಹೇಳಿ, ಬಿಡುವ ಮೊದಲು ಅವರಿಗೆ ನೆರವಾಗುತ್ತೇನೆಂದು ಓಡುತ್ತ ಹೋದವರು ಕೊನೆಗೆ ಮಹಿಳೆಯರ ಓಟವನ್ನು ಗೆದ್ದರು. ಅದೇ ದಿನ ಪುರುಷರ ಓಟ ಗೆದ್ದ ಜಪಾನಿನ ಯುಕಿ ಕವಾಉಚಿ ಆಗ ಸರ್ಕಾರಿ ನೌಕರರಾಗಿದ್ದರು, ಕಚೇರಿಯ ಕೆಲಸದ ಜೊತೆಗೇ ಅಭ್ಯಾಸ ಮಾಡುತ್ತಿದ್ದವರು. ನಿಮಗೂ ಅವರಿಗೂ ಇರುವ ಅಂತರ ನನಗೆ ಗೊತ್ತು. ಬಿಡುವ ಹಕ್ಕನ್ನು ಕೈಯಲ್ಲಿಟ್ಟುಕೊಂಡು ಹೊರಟರೆ ಹೊರಡುವುದು ಹಗುರವಾಗುತ್ತದೆ ಎಂಬುದಕ್ಕಷ್ಟೇ ಈ ಉದಾಹರಣೆ.

ಐದೂಕಾಲಿನ ಕತ್ತಲಲ್ಲಿ ಒಬ್ಬರೇ ಹೋಗುವುದು ಹೆಣ್ಣುಮಕ್ಕಳಿಗೆ ಬೇರೆಯೇ ಚಿಂತೆ. ಓಣಿಯ ಗೆಳತಿಯೊಬ್ಬರು ಬರಲಿ, ಅವರು ಓಡದೆ ನಡೆದರೂ ಸರಿ; ಮೂಲೆಯಲ್ಲಿ ಒಬ್ಬರು ಕಾಯುತ್ತಿದ್ದಾರೆ ಎಂಬ ಅರಿವು ಅಲಾರಂಗಿಂತ ಬಲವಾಗಿ ಎಬ್ಬಿಸುತ್ತದೆ. ಬೀದಿನಾಯಿಗಳು ಬೆನ್ನಟ್ಟಿದರೆ ಓಟ ನಿಲ್ಲಿಸಿ ನಿಧಾನವಾಗಿ ನಡೆಯಿರಿ. ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಲಸಿಕೆಗೆ ಹೋಗಬೇಕು. ಅತ್ತೆಯವರ ಮಾತಿನಲ್ಲಿ ಅರ್ಧ ನ್ಯಾಯವಿದೆ. ಯಾವ ಹವೆಯಲ್ಲಿ ನೀವು ಹೊರಗೆ ಹೋಗುವುದಿಲ್ಲ ಎಂಬುದನ್ನು ಅವರಿಗೂ ಹೇಳಿ, ಬಾಗಿಲಿನ ಚೀಟಿಯನ್ನು ಓದಿ ತೋರಿಸಿ. ಅವರ ಪ್ರಶ್ನೆಗಳು ಕಡಿಮೆಯಾಗುತ್ತವೆ ಎಂದು ನಾನು ಭಾವಿಸುತ್ತೇನೆ.

ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಕಾಗಿದೆ ಎಂಬ ನಿಮ್ಮ ಅಳಲು ಪೂರ್ತಿ ಸರಿಯಲ್ಲ. ಒಂದು ವಾರ ಬಿಟ್ಟರೆ ದಮ್ಮು ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಎರಡು ವಾರ ದಾಟಿದ ಮೇಲೆ ಇಳಿಯತೊಡಗುತ್ತದೆ. ಒಂದು ತಿಂಗಳ ಬಿಡುವಿನ ನಂತರ ಬಿಟ್ಟಲ್ಲಿಂದಲೇ ಹಿಡಿಯಲು ಹೋಗಿ ಮೊಣಕಾಲು ನೋಯಿಸಿಕೊಳ್ಳಬೇಡಿ. ಮೊದಲಿನ ಅರ್ಧದಷ್ಟು ನಿಮಿಷ, ನಡುನಡುವೆ ನಡಿಗೆ, ವಾರಕ್ಕೆ ಮೂರು ದಿನ, ಹೀಗೆ ಶುರು ಮಾಡಿ. ವಾರಕ್ಕೆ 150 ನಿಮಿಷಗಳ ಸಾಧಾರಣ ಶ್ರಮ ಅಥವಾ 75 ನಿಮಿಷಗಳ ತೀವ್ರ ಶ್ರಮ ವಯಸ್ಕರಿಗೆ ಕನಿಷ್ಠ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಬಿರುಸಿನ ನಡಿಗೆಯೂ ಅದರಲ್ಲಿ ಸೇರುತ್ತದೆ. ಡೈರಿಯಲ್ಲಿ ಎಷ್ಟು ದೂರ ಓಡಿದೆ ಎಂದು ಬರೆಯುವ ಬದಲು ಹೊರಟೆನೋ ಇಲ್ಲವೋ ಎಂದು ಒಂದು ಗುರುತು ಹಾಕಿ, ಪಕ್ಕದಲ್ಲಿ ಅಂದಿನ ಹವೆ ಬರೆಯಿರಿ. ಮಳೆಯ ದಿನಗಳ ಪಕ್ಕದಲ್ಲೂ ಗುರುತುಗಳು ಕಾಣತೊಡಗಿದಾಗ ಮೋಡದ ಮೇಲಿನ ಸಿಟ್ಟು ತಾನೇ ಇಳಿಯುತ್ತದೆ.

ಟ್ರೆಡ್‌ಮಿಲ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದೀರಿ. ಅದು ಕೆಟ್ಟ ಸಾಧನವೇನಲ್ಲ. ಎಚ್ಚರಿಕೆಯ ದಿನಗಳಲ್ಲಿ, ಮೇ ತಿಂಗಳ ತೀರಾ ಉರಿಯುವ ವಾರಗಳಲ್ಲಿ, ಕತ್ತಲಲ್ಲಿ ಹೊರಗೆ ಹೋಗಲು ಆಗದವರಿಗೆ ಅದು ಒದಗುತ್ತದೆ. ಆದರೆ ಬೇಸಿಗೆಯಿಡೀ ಫ್ಯಾನಿನ ಕೆಳಗೆ ಮಾತ್ರ ಓಡಿದರೆ ಸೆಕೆಗೆ ಒಗ್ಗಿಕೊಂಡ ದೇಹದ ಗುಣ ಎರಡು ಮೂರು ವಾರಗಳಲ್ಲಿ ಕರಗಿಹೋಗುತ್ತದೆ, ಮತ್ತೆ ಹೊರಗೆ ಬಂದಾಗ ಇಪ್ಪತ್ತು ನಿಮಿಷದ ನಿಯಮದಿಂದಲೇ ಶುರು ಮಾಡಬೇಕಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಗಾಳಿಯಾಡದಿದ್ದರೆ ಬೆವರು ಆರದೆ ಅಲ್ಲೂ ಸೆಕೆ ಏರುತ್ತದೆ, ಕರೆಂಟ್ ಹೋದರೆ ಅದೂ ಇಲ್ಲ. ಈ ಚಳಿಗಾಲ ಪೂರ್ತಿ ಹೊರಗೆ ಓಡಿ, ಫೆಬ್ರವರಿಯಿಂದ ವೇಳೆ ಸರಿಸಿಕೊಂಡು ಬನ್ನಿ. ಏಪ್ರಿಲ್‌ನಲ್ಲಿ ಮನೆಯ ಹತ್ತಿರದ ಜಿಮ್ ಒಂದಕ್ಕೆ ಒಂದು ತಿಂಗಳ ಶುಲ್ಕ ಕಟ್ಟಿ, ವಾರಕ್ಕೆ ಎಷ್ಟು ದಿನ ನಿಜವಾಗಿ ಟ್ರೆಡ್‌ಮಿಲ್ ಹತ್ತುತ್ತೀರಿ ಎಂದು ಅದೇ ಡೈರಿಯಲ್ಲಿ ಗುರುತಿಸಿ. ಎರಡು ದಿನಕ್ಕಿಂತ ಕಡಿಮೆಯಾದರೆ ಕೊಳ್ಳಬೇಡಿ.